ಡಾಕ್ಟರ್ ಎರ್ನ್‌ಸ್ಟ್ ವೆರ್ಟ್‌ಹೈಮರ ಜೀವನಚರಿತ್ರೆ

ಹನ್ನೆರಡು ವರುಷ ರಕ್ತಸ್ರಾವದಿಂದ ನರಳಿದ ಹೆಂಗಸೊಬ್ಬಳು ಜನಸಂದಣಿಯಲ್ಲಿ ಹಿಂದಿನಿಂದ ಬಂದು ಕರ್ತನ ವಸ್ತ್ರದ ಅಂಚನ್ನು ಮುಟ್ಟಿದ ವೃತ್ತಾಂತವನ್ನು ನಾವೆಲ್ಲರೂ ಸತ್ಯವೇದದ ಪಾಠದಲ್ಲಿ ಕೇಳಿದ್ದೇವೆ. ಆಕೆಯಂತೆಯೇ ವ್ಯಾಧಿಯನ್ನು ಬಾಯಿಬಿಟ್ಟು ಹೇಳಲಾರದ ಸ್ತ್ರೀಯರಿಗಾಗಿ ಶ್ರಮಿಸಿದ ವೈದ್ಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಎರ್ನ್‌ಸ್ಟ್ ವೆರ್ಟ್‌ಹೈಮರು 1864ನೆಯ ಇಸವಿಯಲ್ಲಿ ಆಸ್ಟ್ರಿಯ ದೇಶದ ಗ್ರಾಟ್ಸ್ ಪಟ್ಟಣದಲ್ಲಿ ಜನಿಸಿದರು. ಅಲ್ಲಿಯೇ ವೈದ್ಯಪದವಿಯನ್ನು ಪಡೆದು, ಶೌಟಾ ಎಂಬ ಪ್ರಸಿದ್ಧ ಪಂಡಿತರ ಕೈಕೆಳಗೆ ಪ್ರಾಗಿನಲ್ಲಿಯೂ ತರುವಾಯ ವಿಯೆನ್ನದಲ್ಲಿಯೂ ಸ್ತ್ರೀರೋಗಚಿಕಿತ್ಸೆಯನ್ನು ಅಭ್ಯಾಸಮಾಡಿದರು. ಗರ್ಭಕೋಶದ ಕೊರಳಿನಲ್ಲಿ ಹುಟ್ಟುವ ಕ್ಯಾನ್ಸರ್ ಆಗ ಬಹುಮಟ್ಟಿಗೆ ಮೃತ್ಯುವೆಂದೇ ಎಣಿಸಲ್ಪಟ್ಟಿತ್ತು. ಗರ್ಭಕೋಶವನ್ನು ಮಾತ್ರ ತೆಗೆದರೆ ಸುತ್ತಲೂ ಅಡಗಿದ್ದ ರೋಗವು ಮತ್ತೆ ತಲೆಯೆತ್ತುತ್ತಿದ್ದಿತು. ಆದುದರಿಂದ ಹೊಟ್ಟೆಯನ್ನು ಕೊಯ್ದು, ಮೂತ್ರನಾಳಗಳನ್ನು ಜೋಪಾನವಾಗಿ ಬಿಡಿಸಿ, ಗರ್ಭಕೋಶದೊಡನೆ ಸುತ್ತಣ ಭಾಗಗಳನ್ನೂ ಊದಿದ ದುಗ್ಧಗ್ರಂಥಿಗಳನ್ನೂ ತೆಗೆಯುವ ಶಸ್ತ್ರಕ್ರಿಯೆಯನ್ನು ಅವರು 1898ನೆಯ ನವೆಂಬರ್ 16ರಂದು ಆರಂಭಿಸಿದರು.

ಆರಂಭವು ದುಃಖಕರವಾಗಿದ್ದಿತು. ಮೊದಲ 29 ಮಂದಿಯಲ್ಲಿ ಹತ್ತಕ್ಕೆ ಸುಮಾರು ನಾಲ್ವರಂತೆ ಮೃತರಾದರು. ವೆರ್ಟ್‌ಹೈಮರು ಈ ಸೋಲನ್ನು ಮರೆಮಾಡದೆ ಪ್ರಕಟಿಸಿ, ತಮ್ಮ ವಿಧಾನವನ್ನು ತಿದ್ದುತ್ತ ಬಂದರು. 1911ರಲ್ಲಿ 500 ಶಸ್ತ್ರಕ್ರಿಯೆಗಳ ವಿವರವನ್ನು ಗ್ರಂಥರೂಪವಾಗಿ ಹೊರತಂದರು. ಅಷ್ಟರಲ್ಲಿ ಮರಣವು ಹತ್ತಕ್ಕೆ ಸುಮಾರು ಒಂದಕ್ಕೆ ಇಳಿದಿದ್ದಿತು. ಗುರುಗಳಾದ ಶೌಟಾರವರು ಹೊಟ್ಟೆಯನ್ನು ಕೊಯ್ಯದೆ ಕೆಳಗಿನ ಮಾರ್ಗದಿಂದಲೇ ಗರ್ಭಕೋಶವನ್ನು ತೆಗೆಯುತ್ತಿದ್ದರು. ಅದರಲ್ಲಿ ಅಪಾಯವು ಕಡಮೆ, ಆದರೆ ಗ್ರಂಥಿಗಳು ಉಳಿಯುತ್ತಿದ್ದವು. ಮುಂದೆ ಕಲ್ಕತ್ತೆಯ ಡಾಕ್ಟರ್ ಸುಬೋಧ ಮಿತ್ರರು ಈ ಕೆಳಮಾರ್ಗದ ಕ್ರಮಕ್ಕೆ ಗ್ರಂಥಿಗಳನ್ನು ತೆಗೆಯುವ ಕ್ರಮವನ್ನು ಜೋಡಿಸಿದರು. ವೆರ್ಟ್‌ಹೈಮರು 1920ರಲ್ಲಿ ವಿಯೆನ್ನದಲ್ಲಿ ದೈವಾಧೀನರಾದರು.

ಅವರು ಹಾಕಿದ ದಾರಿಯು ಇನ್ನೂ ಅಳಿದಿಲ್ಲ. ಸಣ್ಣ ಕೊಳವೆಗಳ ಮೂಲಕ ಮಾಡುವ ಹೊಸ ವಿಧಾನಕ್ಕಿಂತ ಹೊಟ್ಟೆಯನ್ನು ತೆರೆದು ಮಾಡುವುದರಿಂದಲೇ ಹೆಚ್ಚು ಮಂದಿ ಬದುಕುವರೆಂದು 2018ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ರೋಗವು ತೀರ ಚಿಕ್ಕದಾಗಿದ್ದರೆ ಕೊರಳಿನ ಭಾಗವನ್ನಷ್ಟೇ ತೆಗೆದು, ಮಕ್ಕಳನ್ನು ಪಡೆಯುವ ಆಶೆಯನ್ನು ಉಳಿಸಬಹುದು. ಬಹಳ ಹಬ್ಬಿದ್ದರೆ ಶಸ್ತ್ರಕ್ಕೆ ಬದಲಾಗಿ ವಿಕಿರಣವೂ ಔಷಧಗಳೂ ಬೇಕಾಗುವುವು. ಹೀಗೆ ಯಾವ ಚಿಕಿತ್ಸೆಯು ದೊರೆಯುವುದೆಂಬುದು ನಾವು ಎಷ್ಟು ಬೇಗ ವೈದ್ಯರ ಬಳಿಗೆ ಹೋಗುವೆವೆಂಬುದನ್ನೇ ಬಹುವಾಗಿ ಅವಲಂಬಿಸಿದೆ.

ಪ್ರಿಯ ಸಹೋದರಿಯರೇ, ಮುಟ್ಟು ನಿಂತ ಮೇಲೆ, ಅಥವಾ ಎರಡು ಮುಟ್ಟುಗಳ ನಡುವೆ ರಕ್ತ ಕಂಡರೆ ನಾಚಿಕೆಯಿಂದ ದಿನ ಕಳೆಯಬೇಡಿರಿ. ನೋವಿಲ್ಲದಿದ್ದರೂ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಿರಿ. ತಾಯಿತಂದೆಗಳೇ, ಈ ರೋಗವನ್ನು ಬಹುಮಟ್ಟಿಗೆ ತಡೆಯುವ ಲಸಿಕೆಯನ್ನು ನಿಮ್ಮ ಹೆಣ್ಣುಮಕ್ಕಳಿಗೆ ತಪ್ಪದೆ ಹಾಕಿಸಿರಿ. ಜನಸಂದಣಿಯಲ್ಲಿ ಧೈರ್ಯತಂದುಕೊಂಡು ಕೈಚಾಚಿದ ಆ ಹೆಂಗಸು ಸ್ವಸ್ಥಳಾದಳೆಂಬುದನ್ನು ನಾವು ಮರೆಯದಿರೋಣ.