ಕಾಡಿನ ದಿನಾಂಕ ಬರೆದಿಟ್ಟ ಹೆನ್ರಿ ಡೇವಿಡ್ ಥೋರೋ

ಥೋರೋ ಎಂಬ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಗಾಂಧೀಜಿಯವರ ಮೂಲಕ. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡುವುದಿಲ್ಲ ಎಂದು 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದ ಅಮೆರಿಕದ ಲೇಖಕ ಅವರು. ಆ ಅನುಭವದಿಂದ ಅವರು ಬರೆದ ಪ್ರಬಂಧವನ್ನು ಗಾಂಧೀಜಿ ಓದಿ ಮೆಚ್ಚಿದ್ದರು. ಆದರೆ ನಾನು ಹೇಳಹೊರಟಿರುವುದು ಅವರ ಇನ್ನೊಂದು ಕೆಲಸದ ಬಗ್ಗೆ. ವಿಜ್ಞಾನ ವಿಭಾಗದಲ್ಲಿ ಓದುವ ನನಗೆ ಅವರು ಹತ್ತಿರದವರೆನಿಸಿದ್ದು ಆ ಕೆಲಸದಿಂದಲೇ.

ಥೋರೋ ಹುಟ್ಟಿದ್ದು 1817ರ ಜುಲೈ 12ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆಯದು ಪೆನ್ಸಿಲ್ ತಯಾರಿಕೆ. ಮಗ ಹಾರ್ವರ್ಡ್‌ನಲ್ಲಿ ಓದಿ 1837ರಲ್ಲಿ ಪದವಿ ಪಡೆದರು. ಊರಿನ ಶಾಲೆಯಲ್ಲಿ ಶಿಕ್ಷಕನ ಕೆಲಸವೂ ಸಿಕ್ಕಿತು. ಆದರೆ ಮಕ್ಕಳಿಗೆ ಹೊಡೆಯಬೇಕೆಂಬ ಪದ್ಧತಿ ಒಗ್ಗದೆ ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟರು. ಮುಂದೆ ಪೆನ್ಸಿಲ್ ಕೆಲಸ ಮತ್ತು ಜಮೀನು ಅಳೆಯುವ ಕೆಲಸ ಮಾಡಿ ಜೀವನ ನಡೆಸಿದರು.

ಕಾಡನ್ನು ಇಷ್ಟು ಪ್ರೀತಿಸಿದ ಇದೇ ಮನುಷ್ಯನಿಂದ 1844ರ ಏಪ್ರಿಲ್‌ನಲ್ಲಿ ಕಾಡಿಗೆ ಬೆಂಕಿ ಬಿತ್ತೆಂದರೆ ನಂಬುವುದು ಕಷ್ಟ. ಸ್ನೇಹಿತನೊಂದಿಗೆ ನದಿ ದಡದಲ್ಲಿ ಮೀನು ಬೇಯಿಸುವಾಗ ಒಣಹುಲ್ಲಿಗೆ ಕಿಡಿ ತಗಲಿ ಸುಮಾರು 300 ಎಕರೆ ಸುಟ್ಟುಹೋಯಿತು. ಊರಿನವರು ಇದನ್ನು ಬೇಗ ಮರೆಯಲಿಲ್ಲ.

ಮರುವರ್ಷ ಜುಲೈ 4ರಂದು ಅವರು ವಾಲ್ಡನ್ ಎಂಬ ಕೊಳದ ದಡದಲ್ಲಿ ತಾವೇ ಕಟ್ಟಿದ ಪುಟ್ಟ ಮನೆಗೆ ಹೋದರು. ಎರಡು ವರ್ಷ, ಎರಡು ತಿಂಗಳು ಅಲ್ಲಿದ್ದರು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಆ ಕೊಳದ ಮಂಜುಗಡ್ಡೆ ಯಾವ ದಿನ ಪೂರ್ತಿ ಕರಗಿತು ಎಂಬುದನ್ನು ಅವರು ಬರೆದಿಟ್ಟರು. 1852ರಲ್ಲಿ ಅದು ಕರಗಿದ್ದು ಏಪ್ರಿಲ್ 18ಕ್ಕೆ, 1853ರಲ್ಲಿ ಮಾರ್ಚ್ 23ಕ್ಕೆ. ಒಂದೇ ವರ್ಷದಲ್ಲಿ 26 ದಿನಗಳ ವ್ಯತ್ಯಾಸ! ಹವಾಮಾನ ಬದಲಾಗಿದೆ ಎಂದು ಒಂದೆರಡು ವರ್ಷ ನೋಡಿ ಹೇಳಲು ಏಕೆ ಆಗುವುದಿಲ್ಲ, ಹತ್ತಾರು ವರ್ಷಗಳ ದಾಖಲೆ ಏಕೆ ಬೇಕು ಎಂಬುದು ಈ ಎರಡು ದಿನಾಂಕಗಳಿಂದಲೇ ನನಗೆ ಅರ್ಥವಾಯಿತು.

1851ರ ನಂತರ ಅವರ ದಾಖಲೆ ಇನ್ನೂ ಕ್ರಮಬದ್ಧವಾಯಿತು. ದಿನಕ್ಕೆ ಹಲವು ಗಂಟೆ ಕಾಂಕರ್ಡ್‌ನ ಕಾಡು, ಗದ್ದೆ, ಜೌಗು ನೆಲಗಳಲ್ಲಿ ನಡೆಯುತ್ತಿದ್ದರು. ಕೈಯಲ್ಲಿ ಪುಸ್ತಕ, ಪೆನ್ಸಿಲ್. ಕಿತ್ತ ಗಿಡಗಳನ್ನು ಇಡಲು ತಲೆಯ ಮೇಲಿನ ಟೋಪಿಯೇ ಪೆಟ್ಟಿಗೆ. ಯಾವ ಮರ ಯಾವ ದಿನ ಚಿಗುರಿತು, ಯಾವ ಗಿಡ ಮೊದಲ ಹೂ ಬಿಟ್ಟಿತು, ಯಾವ ಹಕ್ಕಿ ಯಾವಾಗ ಮರಳಿತು ಎಂದು ನೂರಾರು ಜಾತಿಗಳ ಬಗ್ಗೆ ಬರೆದರು.

1860ರ ಸೆಪ್ಟೆಂಬರ್‌ನಲ್ಲಿ ಅವರು ರೈತರ ಸಭೆಯೊಂದರಲ್ಲಿ ಒಂದು ಉಪನ್ಯಾಸ ಕೊಟ್ಟರು. ಪೈನ್ ಮರ ಕಡಿದ ಜಾಗದಲ್ಲಿ ಓಕ್ ಏಕೆ ಬೆಳೆಯುತ್ತದೆ ಎಂಬುದು ರೈತರಿಗೆ ಒಗಟಾಗಿತ್ತು. ಗಿಡಗಳು ತಾವಾಗಿಯೇ ಹುಟ್ಟುತ್ತವೆ ಎಂದು ನಂಬಿದವರೂ ಇದ್ದರು. ಹಾಗಲ್ಲ, ಅಳಿಲು ಮತ್ತು ಹಕ್ಕಿಗಳು ಓಕ್ ಬೀಜಗಳನ್ನು ಪೈನ್ ತೋಪಿನೊಳಗೆ ಒಯ್ದು ಹೂಳುತ್ತವೆ, ಪೈನ್ ಬೀಜವನ್ನು ಗಾಳಿ ಒಯ್ಯುತ್ತದೆ ಎಂದು ತಾವು ಕಂಡದ್ದನ್ನು ಥೋರೋ ವಿವರಿಸಿದರು.

ಅದೇ ವರ್ಷ ಡಿಸೆಂಬರ್‌ನಲ್ಲಿ, ಕಡಿದ ಮರಗಳ ಬುಡದಲ್ಲಿ ಕೂತು ಬೆಳವಣಿಗೆಯ ಉಂಗುರ ಎಣಿಸುತ್ತಿದ್ದಾಗ ಚಳಿ ಹಿಡಿಯಿತು. ಮೊದಲೇ ಇದ್ದ ಕ್ಷಯರೋಗ ಉಲ್ಬಣಿಸಿತು. ಕೊನೆಯ ವರ್ಷಗಳಲ್ಲಿ ತಮ್ಮ ದಿನಚರಿಯ ದಿನಾಂಕಗಳನ್ನೆಲ್ಲ ದೊಡ್ಡ ಹಾಳೆಗಳಲ್ಲಿ ವರ್ಷವಾರು ಪಟ್ಟಿ ಮಾಡುತ್ತಿದ್ದರು. ಅದನ್ನು ಬಳಸಿ ಅವರು ಬರೆಯಬೇಕೆಂದಿದ್ದ ಗ್ರಂಥ ಮುಗಿಯಲಿಲ್ಲ. 1862ರ ಮೇ 6ರಂದು, 44ನೇ ವಯಸ್ಸಿನಲ್ಲಿ ತೀರಿಕೊಂಡರು.

ಸುಮಾರು ಒಂದೂವರೆ ಶತಮಾನದ ನಂತರ ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರಿಮ್ಯಾಕ್ ಮತ್ತು ಅವರ ತಂಡ ಆ ಪಟ್ಟಿಗಳನ್ನು ಕೈಗೆತ್ತಿಕೊಂಡಿತು. ಅದೇ ಕಾಂಕರ್ಡ್‌ನಲ್ಲಿ ಅದೇ ಜಾತಿಯ ಗಿಡಮರಗಳನ್ನು ಹುಡುಕಿ ಹೊಸ ದಿನಾಂಕಗಳನ್ನು ಬರೆದು ಹೋಲಿಸಿತು. ವಸಂತ ಬೆಚ್ಚಗಾಗಿದೆ, ಹೂಗಳು ಮೊದಲಿಗಿಂತ ಬೇಗ ಅರಳುತ್ತಿವೆ ಎಂಬುದು ಸ್ಪಷ್ಟವಾಯಿತು. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಬದಲಾಗಿಲ್ಲ. ಎತ್ತರದ ಮರಗಳು ಸುಮಾರು ಎರಡು ವಾರ ಮೊದಲೇ ಚಿಗುರುತ್ತಿವೆ. ಅವುಗಳ ಕೆಳಗೆ ಬೆಳೆಯುವ ಕಾಡುಹೂವಿನ ಗಿಡಗಳು ಸುಮಾರು ಒಂದು ವಾರ ಮಾತ್ರ ಮುಂದೆ ಬಂದಿವೆ.

ಒಂದು ವಾರದ ವ್ಯತ್ಯಾಸದಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ಅಲ್ಲಿ ಓಕ್, ಮೇಪಲ್ ಮುಂತಾದ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿರುತ್ತವೆ. ವಸಂತ ಬಂದು ಮರಗಳು ಚಿಗುರುವ ಮೊದಲು ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತದೆ. ನೆಲದ ಪುಟ್ಟ ಗಿಡಗಳು ಆ ಕೆಲವೇ ವಾರಗಳಲ್ಲಿ ದ್ಯುತಿಸಂಶ್ಲೇಷಣೆ ನಡೆಸಿ ವರ್ಷದ ಆಹಾರದ ಬಹುಪಾಲನ್ನು ಕೂಡಿಟ್ಟುಕೊಳ್ಳಬೇಕು. ಮೇಲೆ ಎಲೆಗಳು ಮುಚ್ಚಿಕೊಂಡರೆ ಕೆಳಗೆ ನೆರಳು. ಮರಗಳು ಬೇಗ ಚಿಗುರಿದಷ್ಟೂ ಈ ಗಿಡಗಳ ಊಟದ ಹೊತ್ತು ಕಡಿಮೆಯಾಗುತ್ತದೆ. ಬೇಗ ಚಿಗುರಿದ ಮರಗಳಿಗೂ ಅಪಾಯವಿದೆ. ತಡವಾಗಿ ಒಮ್ಮೆ ಹಿಮ ಬಿದ್ದರೆ ಎಳೆ ಎಲೆಗಳು ಕಮರಿಹೋಗುತ್ತವೆ.

ಥೋರೋ ಕಾಲದಲ್ಲಿ ಕಾಂಕರ್ಡ್‌ನಲ್ಲಿದ್ದ ಸಸ್ಯ ಜಾತಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಂದು ಅಲ್ಲಿ ಸಿಗುತ್ತಿಲ್ಲ. ಕಾರಣ ಒಂದೇ ಅಲ್ಲ. ಆದರೆ ತಾಪಮಾನದ ಬದಲಾವಣೆಗೆ ತಕ್ಕಂತೆ ಹೂ ಬಿಡುವ ಸಮಯವನ್ನು ಹೊಂದಿಸಿಕೊಳ್ಳಲಾಗದ ಜಾತಿಗಳೇ ಹೆಚ್ಚು ಕಡಿಮೆಯಾಗಿವೆ ಎಂದು ಸಂಶೋಧಕರು ತೋರಿಸಿದ್ದಾರೆ. ಇದನ್ನು ತೋರಿಸಲು ಅವರಿಗೆ ಸಾಧ್ಯವಾದದ್ದು ಯಾರೋ ಒಬ್ಬರು 1850ರ ದಶಕದಲ್ಲಿ ಪೆನ್ಸಿಲ್ ಹಿಡಿದು ದಿನಾಂಕ ಬರೆದಿದ್ದರಿಂದ. ಹವಾಮಾನ ಬದಲಾವಣೆ ಎಂಬ ಮಾತನ್ನೇ ಕೇಳದ ಥೋರೋ ಅವರಿಗೆ ಇದು ಇಂಥದ್ದಕ್ಕೆ ಉಪಯೋಗವಾದೀತೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಬರೆದರು.

ನಮ್ಮ ಮನೆಯಲ್ಲಿ ಅಜ್ಜಿ, ಮಾವು ಈಗ ಮೊದಲಿನ ಕಾಲಕ್ಕೆ ಹೂ ಬಿಡುವುದಿಲ್ಲ ಎನ್ನುತ್ತಾರೆ. ಅದು ಎಷ್ಟು ಸರಿ ಎಂದು ನೋಡಲು ನನ್ನ ಬಳಿ ಒಂದು ದಿನಾಂಕವೂ ಇಲ್ಲ. ನಮ್ಮ ಕಾಲೇಜಿನ ಅಂಗಳದಲ್ಲಿ ಮಾವಿದೆ, ಗೇಟಿನ ಬಳಿ ಗುಲ್‌ಮೊಹರ್ ಇದೆ. ಇವು ಚಿಗುರಿದ, ಹೂ ಬಿಟ್ಟ ದಿನವನ್ನು ಪ್ರಯೋಗಾಲಯದ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವರ್ಷ ಬರೆದಿಡೋಣ ಎಂದು ನನ್ನ ಸಹಪಾಠಿಗಳಲ್ಲಿ ಕೇಳಿಕೊಳ್ಳುತ್ತೇನೆ. ನಾವು ಎರಡೇ ವರ್ಷ ಇಲ್ಲಿರುತ್ತೇವೆ. ನಂತರ ಬರುವವರು ಮುಂದುವರಿಸಲಿ. ಇನ್ನು ಮೂವತ್ತು ವರ್ಷಗಳ ನಂತರ ಇಲ್ಲಿ ಓದುವ ಯಾರಿಗಾದರೂ ಅದು ಬೇಕಾಗಬಹುದು.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ