ನಂಬಿಯಾರರು ಸೋತ ಕೇಸು

ಎಂ.ಕೆ. ನಂಬಿಯಾರ್ ಅಂದರೆ ಈಗಿನ ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ. 1898ರಲ್ಲಿ ಹುಟ್ಟಿದ ಅವರು ಮಂಗಳೂರಿನಲ್ಲಿ ವಕೀಲಿ ಮಾಡಿ, ಮದ್ರಾಸು, ಆಮೇಲೆ ದಿಲ್ಲಿಯವರೆಗೆ ಹೋದವರು. ಅಪೀಲು ಕೋರ್ಟಿನ ಕೆಲಸದಲ್ಲಿ ಸಾಕ್ಷಿಗಳಿಗೆ ಅಡ್ಡಪ್ರಶ್ನೆ ಹಾಕುವ ಗಲಾಟೆ ಇಲ್ಲ. ಕಾನೂನಿನ ಒಂದು ಶಬ್ದಕ್ಕೆ ಏನು ಅರ್ಥ ಅಂತ ದಿನಗಟ್ಟಲೆ ವಾದಿಸಬೇಕು. ಅದರಲ್ಲಿ ಅವರು ಪಳಗಿದವರು.

1950ರಲ್ಲಿ ಮಲಬಾರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ವಿಚಾರಣೆಯಿಲ್ಲದೆ ಮದ್ರಾಸು ಸರ್ಕಾರದ ಸೆರೆಯಲ್ಲಿದ್ದರು. ಯಾಕೆ ಹಿಡಿದಿದ್ದಾರೆಂಬ ಕಾರಣವನ್ನು ಬಂಧಿತ ಕೋರ್ಟಿಗೂ ತಿಳಿಸುವಂತಿಲ್ಲ ಎಂದು ಆ ಹೊಸ ಕಾಯ್ದೆಯಲ್ಲಿತ್ತು! ಸುಪ್ರೀಂ ಕೋರ್ಟ್ ಶುರುವಾಗಿ ಕೆಲವೇ ತಿಂಗಳು. ಗೋಪಾಲನ್ ಪರ ನಿಂತವರು ನಂಬಿಯಾರ್.

ಕಾನೂನು ಹೇಳಿದ ಕ್ರಮದಲ್ಲೇ ಒಬ್ಬನ ಸ್ವಾತಂತ್ರ್ಯ ಕಸಿಯಬಹುದು ಅನ್ನುತ್ತದೆ ಸಂವಿಧಾನದ 21ನೇ ವಿಧಿ. ಸಂಸತ್ತು ಬರೆದದ್ದೆಲ್ಲ ಕಾನೂನೇ ಅಂತ ಸರ್ಕಾರದ ವಾದ. ಆ ಕ್ರಮ ನ್ಯಾಯವಾಗಿಯೂ ಇರಬೇಕು, ಸಿಕ್ಕಿಬಿದ್ದವನ ಮಾತು ಕೇಳಬೇಕು ಅಂತ ನಂಬಿಯಾರರದ್ದು. ಒಂದು ತಮಾಷೆ ಉಂಟು. ಅಮೆರಿಕದ ಸಂವಿಧಾನದಲ್ಲಿರುವಂಥ, ನ್ಯಾಯಾಧೀಶರಿಗೆ ಹೆಚ್ಚು ಅಧಿಕಾರ ಕೊಡುವ ಮಾತು ಈ ವಿಧಿಗೆ ಬೇಡವೆಂದು ಸಲಹೆ ಕೊಟ್ಟವರು ಬಿ.ಎನ್. ರಾವ್, ಅವರೂ ಮಂಗಳೂರಿನಲ್ಲೇ ಹುಟ್ಟಿದವರು!

ಮೇ 19ರಂದು ತೀರ್ಪು ಬಂತು. ಕಾರಣ ಮುಚ್ಚಿಡುವ ಸೆಕ್ಷನ್ ಒಂದು ರದ್ದಾಯಿತು, ಉಳಿದ ಕಾಯ್ದೆ ನಿಂತಿತು. ಆರು ನ್ಯಾಯಮೂರ್ತಿಗಳಲ್ಲಿ ನ್ಯಾಯದ ಕ್ರಮವೇ ಬೇಕೆಂಬ ವಾದವನ್ನು ಒಪ್ಪಿದವರು ಫಜಲ್ ಅಲಿ ಒಬ್ಬರೇ.

1967ರ ಗೋಲಕನಾಥ್ ಕೇಸಿನಲ್ಲಿ ನಂಬಿಯಾರ್ ಇನ್ನೂ ದೊಡ್ಡ ಮಾತು ಎತ್ತಿದರು. ತಿದ್ದುಪಡಿಯ ಹೆಸರಲ್ಲಿ ಸಂವಿಧಾನದ ಬುಡವನ್ನೇ ಸಂಸತ್ತು ಕೀಳುವಂತಿಲ್ಲ ಅಂತ. ಆಗ ಕೋರ್ಟು ಅದನ್ನು ತೀರ್ಮಾನಿಸಲಿಲ್ಲ. 1973ರಲ್ಲಿ ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಕೇಸಿನಲ್ಲಿ 7-6ರ ಬಹುಮತದಿಂದ ಒಪ್ಪಿತು.

ಇನ್ನು ಆ ಸೋತ ಕೇಸು. ನಮ್ಮ ಮನೆಗಳಲ್ಲಿ ಪಾಸ್‌ಪೋರ್ಟ್ ಚಿನ್ನದ ಜೊತೆ ಕಪಾಟಿನಲ್ಲಿರುತ್ತದೆ, ಅಲ್ವಾ? 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ಕಾರಣ ಹೇಳದೆ ವಾಪಸ್ ಕೇಳಿತು. 1978ರ ಜನವರಿ 25ರಂದು ಸುಪ್ರೀಂ ಕೋರ್ಟ್, ಕ್ರಮ ನ್ಯಾಯವಾಗಿರಲೇಬೇಕು, ಬಾಧಿತರ ಮಾತು ಕೇಳಬೇಕು ಎಂದಿತು. ಉಳ್ಳಾಲದ ಹುಡುಗನ ಪಾಸ್‌ಪೋರ್ಟಿಗೂ, ಮಾಗಡಿ ಕಡೆಯ ಕೆಂಪಾಪುರದವರ ಪಾಸ್‌ಪೋರ್ಟಿಗೂ ಅದೇ ನಿಯಮ. 28 ವರ್ಷ ಹಿಂದೆ ನಂಬಿಯಾರ್ ಕೇಳಿದ್ದೂ ಅದನ್ನೇ.

ಅದನ್ನು ನೋಡಲು ಅವರು ಇರಲಿಲ್ಲ, 1975ರಲ್ಲೇ ತೀರಿಕೊಂಡಿದ್ದರು. ಮಗ ಕೆ.ಕೆ. ವೇಣುಗೋಪಾಲ್ ಅದೇ ಕೋರ್ಟಿನಲ್ಲಿ ವಕೀಲರಾಗಿ, 2017ರಿಂದ 2022ರವರೆಗೆ ದೇಶದ ಅಟಾರ್ನಿ ಜನರಲ್ ಆಗಿದ್ದರು.