ನ್ಯುಮೋನಿಯಾ ಬೆನ್ನು ಹತ್ತಿದ ಏವರಿ

ರಕ್ತಪರೀಕ್ಷೆಯ ರಿಪೋರ್ಟ್‌ನಲ್ಲಿ ಸಿ.ಆರ್.ಪಿ. ಅನ್ನೋ ಸಾಲನ್ನ ನಮ್ಮಲ್ಲಿ ಸುಮಾರು ಜನ ಮೊದಲು ನೋಡಿದ್ದು ಕೋವಿಡ್ ಕಾಲದಲ್ಲಿ. ಮೈಯೊಳಗೆ ಎಲ್ಲೋ ಉರಿಯೂತ ಇದೆ ಅಂತ ಸುಳಿವು ಕೊಡೋ ಪ್ರೋಟೀನ್ ಅದು. ಅದು ಸಿಕ್ಕಿದ್ದು ಆಸ್ವಾಲ್ಡ್ ಏವರಿಯವರ ಲ್ಯಾಬ್‌ನಲ್ಲಿ. ಪಿ.ಯು.ನಲ್ಲಿ ಬಯಾಲಜಿ ಓದಿದವರಿಗೆ ಈ ಹೆಸರು ಡಿ.ಎನ್.ಎ. ಪಾಠದಲ್ಲಿ ಬಂದಿರತ್ತೆ. ನಾವು ಹೇಳ್ತಿರೋದು ಆ ಪಾಠದಲ್ಲಿ ಇಲ್ಲದ ಕತೆ.

ಏವರಿ ಹುಟ್ಟಿದ್ದು 1877ರಲ್ಲಿ, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ತಂದೆ ಪಾದ್ರಿ. ಹುಡುಗನಿಗೆ ಹತ್ತು ವರ್ಷವಾದಾಗ ಸಂಸಾರ ನ್ಯೂಯಾರ್ಕ್ ಸೇರಿತು. ಕಾಲೇಜಿನಲ್ಲಿ ಕಾರ್ನೆಟ್ ವಾದ್ಯ ನುಡಿಸುತ್ತಿದ್ದವರು 1904ರಲ್ಲಿ ಕೊಲಂಬಿಯಾದಲ್ಲಿ ಓದಿ ಡಾಕ್ಟರ್ ಆದರು. ಆದರೆ ಪ್ರಾಕ್ಟೀಸ್ ಹಿಡಿಸಲಿಲ್ಲ. ಶ್ವಾಸಕೋಶದ ಕಾಯಿಲೆಯವರು ಎದುರಿಗೇ ನರಳ್ತಿದ್ರೂ ಕೊಡೋಕೆ ಸರಿಯಾದ ಮದ್ದಿರಲಿಲ್ಲ. ಕೊನೆಗೆ ಲ್ಯಾಬ್ ಕಡೆ ಹೊರಳಿದರು. 1913ರಲ್ಲಿ ರಾಕ್‌ಫೆಲರ್ ಇನ್‌ಸ್ಟಿಟ್ಯೂಟಿನ ಆಸ್ಪತ್ರೆ ಸೇರಿದವರು 35 ವರ್ಷ ಅಲ್ಲೇ ಇದ್ದರು. ಮದುವೆಯಾಗಲಿಲ್ಲ. ಹೆಚ್ಚುಕಡಿಮೆ ಬದುಕೆಲ್ಲ ಒಂದೇ ಬ್ಯಾಕ್ಟೀರಿಯಾದ ಹಿಂದೆ ಕಳೆಯಿತು: ನ್ಯುಮೋನಿಯಾ ತರುವ ನ್ಯುಮೋಕಾಕಸ್.

1930ರಲ್ಲಿ ಅವರ ಲ್ಯಾಬಿನ ಟಿಲೆಟ್ ಮತ್ತು ಫ್ರಾನ್ಸಿಸ್ ಈ ಬ್ಯಾಕ್ಟೀರಿಯಾದಿಂದ ತೆಗೆದ 'ಸಿ' ಅನ್ನೋ ಅಂಶವನ್ನ ರೋಗಿಗಳ ಸೀರಮ್‌ಗೆ ಬೆರೆಸಿ ನೋಡಿದರು. ಕಾಯಿಲೆ ಜೋರಾಗಿದ್ದಾಗ ಗಸಿ ಕಟ್ಟುತ್ತಿತ್ತು, ಗುಣವಾದ ಮೇಲೆ ಕಟ್ಟುತ್ತಿರಲಿಲ್ಲ. ಇದು ಆಂಟಿಬಾಡಿ ಆಗಿದ್ರೆ ಲೆಕ್ಕ ಉಲ್ಟಾ ಇರಬೇಕಿತ್ತು ನೋಡಿ, ಯಾಕಂದ್ರೆ ಅದು ನಿಧಾನಕ್ಕೆ ಬಂದು ಗುಣವಾದ ಮೇಲೂ ಉಳಿಯತ್ತೆ. ಅದೂ ಅಲ್ಲದೆ ನ್ಯುಮೋಕಾಕಸ್ ಸೋಂಕೇ ಇಲ್ಲದ ಬೇರೆ ಜ್ವರಗಳಲ್ಲೂ ಇದೇ ಗಸಿ! 1941ರ ಹೊತ್ತಿಗೆ ಏವರಿ ಮತ್ತು ಜೊತೆಗಾರರು ಅದೊಂದು ಪ್ರೋಟೀನ್ ಅಂತ ತೋರಿಸಿದರು. 'ಸಿ' ಜೊತೆ ವರ್ತಿಸುವುದರಿಂದ ಸಿ-ರಿಯಾಕ್ಟಿವ್ ಪ್ರೋಟೀನ್. ಬೆಂಕಿ ಬಿದ್ದಿದೆ ಅಂತ ಕೂಗತ್ತೆ, ಯಾವ ಕೋಣೆಯಲ್ಲಿ ಅಂತ ಹೇಳಲ್ಲ.

ಈ ಕೂಗು ಇವತ್ತು ಪಾರ್ಶ್ವವಾಯು ವಾರ್ಡ್‌ಗಳಲ್ಲೂ ಬೇಕಾಗಿದೆ. ಸ್ಟ್ರೋಕ್ ಆದವರಿಗೆ ನುಂಗೋ ಶಕ್ತಿ ಕುಂದಿ ಎಂಜಲು, ಅನ್ನ ಶ್ವಾಸಕೋಶಕ್ಕೆ ಇಳಿಯಬಹುದು. ಜೊತೆಗೆ ಮೆದುಳಿಗೆ ಪೆಟ್ಟು ಬಿದ್ದ ಆ ದಿನಗಳಲ್ಲಿ ಮೈಯ ರೋಗನಿರೋಧಕ ಶಕ್ತಿಯೂ ಮಂಕಾಗತ್ತೆ. ಹೀಗೆ ನ್ಯುಮೋನಿಯಾ ಹಿಡಿದವರಲ್ಲಿ ಸಾವು ಹೆಚ್ಚು. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೂ ಆ ಅಪಾಯ ಬೆನ್ನು ಬಿಡಲ್ಲ. ಸಿ.ಆರ್.ಪಿ. ತುಂಬಾ ಏರಿದವರು ದೀರ್ಘಕಾಲ ಬದುಕುಳಿಯೋ ಸಾಧ್ಯತೆ ಕಡಿಮೆ ಅಂತಲೂ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಸ್ಟ್ರೋಕ್ ಒಂದೇ ಸಾಕು ಅದು ಒಂದಿಷ್ಟು ಏರೋಕೆ. ಹಾಗಾಗಿ ಡಾಕ್ಟರು ಬರೀ ಒಂದು ಅಂಕಿ ನಂಬದೆ ದಿನದಿಂದ ದಿನಕ್ಕೆ ಅದು ಎತ್ತ ಹೋಗ್ತಿದೆ ಅಂತ ನೋಡ್ತಾರೆ, ಎದೆಯ ಎಕ್ಸ್‌ರೇ ಜೊತೆ ಇಟ್ಟು ತೂಗ್ತಾರೆ. ಎಲ್ಲರಿಗೂ ಮುಂಚೆಯೇ ಆಂಟಿಬಯಾಟಿಕ್ ಕೊಟ್ಟುಬಿಟ್ರೆ ಆಯ್ತಲ್ಲ ಅಂತ ನಮಗೂ ಅನ್ನಿಸಿತ್ತು. 2015ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ಅದನ್ನೂ ಪರೀಕ್ಷಿಸಿವೆ. ಸಾವು ಕಡಿಮೆಯಾಗಲಿಲ್ಲ.

ಏವರಿ ಕಡೆಗೆ ವಾಪಸ್ ಬರೋಣ. ಅವರ ತಂಡ ವರ್ಷಗಟ್ಟಲೆ ಬೆವರು ಸುರಿಸಿದ್ದ ಸೀರಮ್ ಚಿಕಿತ್ಸೆಯನ್ನ ಸಲ್ಫಾ ಮಾತ್ರೆಗಳು, ಆಮೇಲೆ ಪೆನಿಸಿಲಿನ್ ಬಂದು ಮೂಲೆಗೆ ತಳ್ಳಿದವು. ಬೇರೆಯವರಾಗಿದ್ರೆ ಅಲ್ಲಿಗೇ ಬಿಡ್ತಿದ್ರೇನೋ. ಇವರು ಅದೇ ನ್ಯುಮೋಕಾಕಸ್ ಹಿಡಿದುಕೊಂಡು 1944ರಲ್ಲಿ, 66ನೇ ವಯಸ್ಸಿನಲ್ಲಿ, ಮ್ಯಾಕ್ಲಿಯೋಡ್ ಮತ್ತು ಮೆಕಾರ್ಟಿ ಜೊತೆ, ಒಂದು ಬ್ಯಾಕ್ಟೀರಿಯಾದ ಗುಣವನ್ನ ಇನ್ನೊಂದಕ್ಕೆ ದಾಟಿಸೋದು ಡಿ.ಎನ್.ಎ. ಅಂತ ತೋರಿಸಿದರು. ಪ್ರೋಟೀನೇ ಇರಬೇಕು ಅಂತ ವಾದಿಸುತ್ತಿದ್ದವರು ಸುಲಭಕ್ಕೆ ಒಪ್ಪಲಿಲ್ಲ. ನೊಬೆಲ್‌ಗೆ ಹೆಸರು ಹಲವು ಸಲ ಹೋಯಿತು, ಬಹುಮಾನ ಬರಲಿಲ್ಲ. ನೊಬೆಲ್ ಸಮಿತಿ ಇದಕ್ಕಿಂತ ದೊಡ್ಡ ತಪ್ಪು ಮಾಡಿರೋದು ಕಡಿಮೆ ಅಂತ ನಮ್ಮ ಅಭಿಪ್ರಾಯ.

1948ರಲ್ಲಿ ಲ್ಯಾಬ್ ಬಿಟ್ಟು, ತಮ್ಮ ರಾಯ್ ಇದ್ದ ನ್ಯಾಶ್‌ವಿಲ್‌ಗೆ ಹೋದರು. 1955ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು, ಲಿವರ್ ಕ್ಯಾನ್ಸರ್‌ನಿಂದ. ಅಂದಹಾಗೆ ಸಿ.ಆರ್.ಪಿ. ತಯಾರಾಗೋದೂ ಲಿವರ್‌ನಲ್ಲೇ.